ಲಿಫ್ಟಣ್ಣ ಮೆಟ್ಟಿಲು ಹತ್ತಿದ್ದು

ಏಳು ಮಹಡಿಯ ಆ ಕಚೇರಿ ಕಟ್ಟಡದಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದವನಿಗೆ ಲಿಫ್ಟಣ್ಣ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮೂಲೆಯ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು, ಜನರನ್ನು ಮೇಲಕ್ಕೆ ಒಯ್ಯುವುದು, ಕೆಳಕ್ಕೆ ತರುವುದು, ಮುಗಿಯಿತು. ಮೆಟ್ಟಿಲು ಹತ್ತುವವರನ್ನು ಕಂಡರೆ ಅವನಿಗೆ ಒಂಥರಾ ಕನಿಕರ. "ನಾನಿರೋವರೆಗೂ ನಿಮ್ಮ ಮಂಡಿಗೆ ಕೆಲಸ ಇಲ್ಲ" ಎಂದು ಗುಮಾಸ್ತರನ್ನು ನಗಿಸುತ್ತಿದ್ದ. ಇಂಥವನಿಗೆ ಆಸ್ಪತ್ರೆಯ ಸರ್ಜನ್ ಮೇಡಂ ಹೇಳಿದ ಮಾತು ಕೇಳಿ ಜಂಘಾಬಲವೇ ಉಡುಗಿಹೋಯಿತು ಎಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ.

ಮೇಡಂ ಸುತ್ತಿಬಳಸಿ ಮಾತಾಡುವವರಲ್ಲ. ಬಲಗಡೆಯ ಶ್ವಾಸಕೋಶದ ಕೆಳಭಾಗದಲ್ಲಿ ಕ್ಯಾನ್ಸರ್ ಗಡ್ಡೆ, ಪುಣ್ಯಕ್ಕೆ ಬೇರೆಲ್ಲೂ ಹರಡಿಲ್ಲ, ಆ ಭಾಗ ತೆಗೆದುಬಿಟ್ಟರೆ ಬದುಕುವ ದಾರಿ ಇದೆ ಎಂದರು. ಆಮೇಲೆ ಕನ್ನಡಕ ತೆಗೆದು ಅವನ ಕಾಲನ್ನು ನೋಡಿದರು.

"ಆದ್ರೆ ಈಗಿರೋ ಹಾಗೆ ನಿಮ್ಮನ್ನ ಟೇಬಲ್ ಮೇಲೆ ಮಲಗಿಸೋಕೆ ನಂಗೆ ಧೈರ್ಯ ಇಲ್ಲ. ನಾಲ್ಕು ವಾರ ಕೊಡ್ತೀನಿ. ನಿಲ್ಲದೆ ನಾಲ್ಕು ಮಹಡಿ ಹತ್ತಿ ತೋರಿಸಿ. ಹತ್ತಿದ್ರೆ ಆಪರೇಶನ್."

"ಗಡ್ಡೆ ಇರೋದು ಎದೇಲಿ ಅಲ್ವಾ ಮೇಡಂ? ಕಾಲಿಗ್ಯಾಕೆ ಶಿಕ್ಷೆ?"

"ಆಪರೇಶನ್ ನಾನು ಮಾಡ್ತೀನಿ. ಆಮೇಲೆ ಕೆಮ್ಮಿ, ಉಸಿರೆಳೆದು, ಎದ್ದು ಓಡಾಡೋದು ನೀವು. ಆ ಶಕ್ತಿ ಈಗ್ಲೇ ಕೂಡಿಸ್ಕೋಬೇಕು. ಇಲ್ದಿದ್ರೆ ನ್ಯುಮೋನಿಯಾ ಬಂದು ಮಶೀನಿನ ಉಸಿರಲ್ಲೇ ಉಳೀಬೇಕಾದೀತು."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಒಂದೇ ಮಾತು ಕೇಳಿದಳು: "ನಾಳೆಯಿಂದ ಶುರು ಮಾಡ್ಬಹುದಾ?"

ಈ ಹೆಂಡತಿಯ ಬಗ್ಗೆ ಹೇಳಲೇಬೇಕು. ಅದೇ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಟ್ಟಿಲು ಒರೆಸುವವಳು ಅವಳು. ಗಂಡ ಪೆಟ್ಟಿಗೆಯೊಳಗೆ, ಹೆಂಡತಿ ಗೋಡೆಯಾಚೆ. ಬೆಳಗ್ಗೆ ಒಂದೇ ಬಸ್ಸಿನಲ್ಲಿ ಬಂದು ಗೇಟಿನಲ್ಲಿ ಬೇರೆಯಾದರೆ ಮತ್ತೆ ಮುಖ ನೋಡುವುದು ಸಂಜೆ ಅದೇ ಗೇಟಿನಲ್ಲಿ. ಮನೆಯಲ್ಲಿ ಹತ್ತಲು ಹೊಸ್ತಿಲು ಬಿಟ್ಟರೆ ಇನ್ನೇನೂ ಇರಲಿಲ್ಲ. "ನಮ್ಮ ಕಟ್ಟಡದಲ್ಲಿ ಮೆಟ್ಟಿಲಿಗೇನು ಬರ?" ಎಂದು ಅವಳೇ ಅವನನ್ನು ಎಬ್ಬಿಸಿಕೊಂಡು ಹೊರಟಳು.

ಮೊದಲ ದಿನದ ಅವನ ಸ್ಥಿತಿ ಶತ್ರುವಿಗೂ ಬೇಡ. ಒಂದೂವರೆ ಮಹಡಿಗೆ ಕಣ್ಣಿಗೆ ಕತ್ತಲೆ ಕವಿಯಿತು. ಕಂಬಿ ಹಿಡಿದು ಕಮ್ಮಾರನ ತಿದಿಯ ಹಾಗೆ ಬುಸುಗುಟ್ಟುತ್ತ ನಿಂತ. ಅಷ್ಟರಲ್ಲಿ ಗೋಡೆಯಾಚೆ ಲಿಫ್ಟ್ ಸರ್ರನೆ ಮೇಲೆ ಹೋದ ಸದ್ದಾಯಿತು. ರಜೆಯ ಮೇಲಿರುವುದು ತಾನು, ಹಾಗಾದರೆ ಲಿಫ್ಟ್ ನಡೆಸುತ್ತಿರುವುದು ಯಾರು? ಯಾರೂ ಅಲ್ಲ. ಜನ ತಾವೇ ಗುಂಡಿ ಒತ್ತಿಕೊಂಡು ಹೋಗುತ್ತಿದ್ದರು. ಮೂವತ್ತೊಂದು ವರ್ಷ ತಾನು ಮಾಡಿದ್ದು ಯಾರು ಬೇಕಾದರೂ ಬೆರಳ ತುದಿಯಲ್ಲಿ ಮಾಡಬಹುದಾದ ಕೆಲಸ ಎಂಬುದು ಆ ಮೆಟ್ಟಿಲ ಮೇಲೆ ನಿಂತಾಗ ಅವನಿಗೆ ಗೊತ್ತಾಯಿತು. ಗಡ್ಡೆಯ ಸುದ್ದಿಗಿಂತ ಅದೇ ಹೆಚ್ಚು ಚುಚ್ಚಿತು ಅಂದರೂ ತಪ್ಪಿಲ್ಲ.

ಆಸ್ಪತ್ರೆಯ ವ್ಯಾಯಾಮದ ಮೇಷ್ಟ್ರು ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಕೊಳವೆಯಲ್ಲಿ ಉಸಿರೆಳೆದರೆ ಚೆಂಡು ಮೇಲೇಳಬೇಕು. ಮೊದಮೊದಲು ಒಂದೇ ಚೆಂಡು, ಅದೂ ಮುನಿಸಿಕೊಂಡ ಅಳಿಯನ ಹಾಗೆ ಅರ್ಧಕ್ಕೆದ್ದು ಕೂತುಬಿಡುತ್ತಿತ್ತು. ಕುರ್ಚಿಯಿಂದ ಕೈಯೂರದೆ ಏಳುವುದು, ಬೀದಿ ಸುತ್ತುವುದು, ದಿನಕ್ಕೆರಡು ಮೊಟ್ಟೆ, ಬೀಡಿಗೆ ತಿಲಾಂಜಲಿ. ಬೇಜಾರಾಗಿ ಮಲಗಿದರೆ ಹೆಂಡತಿ ಹೊದಿಕೆ ಎಳೆಯುತ್ತಿದ್ದಳು. "ಏಳ್ರೀ. ಮಲಗೋಕೆ ಆಪರೇಶನ್ ಆದ್ಮೇಲೆ ಬೇಕಾದಷ್ಟು ಟೈಮ್ ಇದೆ." ಹತ್ತು ದಿನಕ್ಕೆ ಅವನು ಎರಡು ಮಹಡಿ ಹತ್ತಿದ.

ಹನ್ನೊಂದನೆಯ ದಿನ ಮೂರನೆಯದಕ್ಕೆ ಹೊರಟ. ಮುಗಿಯಲು ನಾಲ್ಕು ಮೆಟ್ಟಿಲಿರುವಾಗ ಕಾಲು ಸೋತು ಅಲ್ಲೇ ಕುಸಿದು ಕೂತ. ಕೆಳಗಿನಿಂದ ಹೆಂಡತಿ ಬರುತ್ತಿದ್ದಳು, ಎರಡು ಕೈಯಲ್ಲಿ ಎರಡು ಬಕೆಟ್, ತುಂಬ ನೀರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವನನ್ನು ದಾಟಿ ಹೋಗಿ, ಮೇಲೆ ಬಕೆಟ್ ಇಟ್ಟು, ತಿರುಗಿ ನೋಡಿದಳು.

"ನೀರು ಎಲ್ಲಿಂದ ತರ್ತಿದ್ದೀಯ?" ಎಂದ, ಉಸಿರು ಸಿಕ್ಕಿದ ಮೇಲೆ.

"ಇನ್ನೆಲ್ಲಿಂದ, ಕೆಳಗಿಂದ."

"ಮೇಲೆ ನಲ್ಲಿ ಇಲ್ವಾ?"

"ಇದೆ, ಆಫೀಸುಗಳ ಒಳಗೆ. ಬೀಗ ಹಾಕಿರುತ್ತಲ್ಲ. ಏಳು ಮಹಡಿಗೂ ಕೆಳಗಿಂದಲೇ ಹೊರೋದು. ಕೊಳೆ ಆದಾಗೆಲ್ಲ ಮತ್ತೆ ಕೆಳಗೆ."

"ದಿನಕ್ಕೆ ಎಷ್ಟು ಸಲ?"

"ಐದು, ಆರು. ಮಳೆ ಕೆಸರಿದ್ರೆ ಇನ್ನೂ ಎರಡು" ಎಂದು ಬಟ್ಟೆ ಹಿಂಡಿ ಒರೆಸತೊಡಗಿದಳು.

ಲಿಫ್ಟಣ್ಣ ಆ ಎರಡು ಬಕೆಟ್‌ಗಳನ್ನೇ ನೋಡಿದ. ಬರಿಗೈಯಲ್ಲಿ ಮೂರು ಮಹಡಿ ಹತ್ತಲು ತನ್ನ ಪ್ರಾಣ ಬಾಯಿಗೆ ಬಂದಿದೆ. ಇವಳು ಇಪ್ಪತ್ತೆರಡು ವರ್ಷ ಏಳು ಮಹಡಿಗೆ ನೀರು ಹೊತ್ತಿದ್ದಾಳೆ. ಹೊರಿಸಿದ್ದು ಯಾರು? ತಾನೇ. ಅವಳು ಕೆಲಸಕ್ಕೆ ಸೇರಿದ ದಿನ ಬಕೆಟ್ ಹಿಡಿದು ಲಿಫ್ಟಿನ ಮುಂದೆ ಬಂದಾಗ, ಹತ್ತು ಜನರೆದುರು ಕೈ ಅಡ್ಡ ಇಟ್ಟು, "ಬಕೆಟ್‌ಗೆ ಲಿಫ್ಟಿಲ್ಲ. ರೂಲ್ಸ್ ಅಂದ್ರೆ ರೂಲ್ಸ್, ಹೆಂಡತಿಯಾದ್ರೂ ಅಷ್ಟೇ" ಎಂದಿದ್ದ. ಜನ ತಲೆದೂಗಿದ್ದರು. ಎಷ್ಟೋ ವರ್ಷ ಅದನ್ನು ನೆಂಟರ ಮುಂದೆ ಹೇಳಿಕೊಂಡು ಮೀಸೆ ತಿರುವಿದ್ದೂ ಉಂಟು. ಮೇಲೆಲ್ಲೋ ನಲ್ಲಿ ಇದ್ದೇ ಇರುತ್ತದೆ ಎಂದುಕೊಂಡಿದ್ದ. ದೀಪದ ಬುಡದಲ್ಲೇ ಕತ್ತಲು ಅಂತ ಸುಮ್ಮನೆ ಹೇಳಿಲ್ಲ ದೊಡ್ಡವರು.

ಅವತ್ತೇ ಮೇನೇಜರ್ ಕೋಣೆಗೆ ಹೋದ. ಸ್ಟೂಲಿನವನು ಮೇನೇಜರ್ ಮುಂದೆ ದನಿ ಎತ್ತಿದ್ದು ಅದೇ ಮೊದಲು. "ಬಕೆಟ್ ಲಿಫ್ಟಲ್ಲಿ ಹೋಗ್ಬಾರ್ದು ಅನ್ನೋ ರೂಲ್ಸ್ ತೆಗೆದುಹಾಕಿ ಸಾರ್. ಮನುಷ್ಯರು ಮಾಡೋ ರೂಲ್ಸ್ ಅಲ್ಲ ಅದು."

ಮೇನೇಜರ್ ವಯಸ್ಸಿನಲ್ಲಿ ಚಿಕ್ಕವರು, ಬಂದು ಮೂರು ವರ್ಷ. "ಅಂಥ ರೂಲ್ಸ್ ಇದೆಯಾ?" ಎಂದು ಅವರೇ ತಬ್ಬಿಬ್ಬಾಗಿ ಹಳೆಯ ಫೈಲುಗಳನ್ನು ತಡಕಿದರು. ಕೊನೆಗೆ ಹಳದಿಯಾದ ಒಂದು ನೋಟಿಸ್ ಸಿಕ್ಕಿತು. ಲಿಫ್ಟಿನಲ್ಲಿ ನೀರಿನ ಬಕೆಟ್ ಒಯ್ಯುವಂತಿಲ್ಲ ಎಂಬುದು ಮೇಲೆ ದೊಡ್ಡಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ: ಹೊಸ ನೆಲಹಾಸಿನ ಅಂಟು ಒಣಗುವವರೆಗೆ, ಒಂದು ವಾರ ಮಾತ್ರ.

"ಒಂದು ವಾರ ಲಿಫ್ಟಣ್ಣ" ಎಂದರು ಮೇನೇಜರ್ ಮೆಲ್ಲಗೆ. "ನೀವು ಪೂರ್ತಿ ಓದಲಿಲ್ವಾ?"

ಓದಿರಲಿಲ್ಲ. ದೊಡ್ಡಕ್ಷರ ಓದಿ ತಲೆಗೆ ಹಾಕಿಕೊಂಡಿದ್ದ. ಬೇಡ ಎನ್ನುವುದರಲ್ಲಿ ಅವನಿಗೊಂದು ಗತ್ತು ಸಿಕ್ಕಿತ್ತು, ಗತ್ತನ್ನು ಯಾರು ಬಿಡುತ್ತಾರೆ ಹೇಳಿ? ಹೊರಗೆ ಬಂದು ಹೆಂಡತಿಗೆ ಹೇಳಬೇಕೆಂದು ಬಾಯಿ ತೆರೆದ. "ಏನ್ರೀ, ಮುಖ ಹೀಗಾಗಿದೆ?" ಎಂದಳು. "ಸುಸ್ತು" ಎಂದ.

ಅವಳು ಇನ್ನೂ ಮೆಟ್ಟಿಲಲ್ಲೇ ಹೊರುತ್ತಿದ್ದ ಬಕೆಟಿಗೆ ಕೈ ಹಾಕಲು ಹೋದರೆ ಗದರಿದಳು. "ಹೊಲಿಗೆ ಬಿದ್ದ ಎದೆ ತಗೊಂಡು ಬನ್ನಿ, ಆಮೇಲೆ ನೋಡೋಣ." ಉಳಿದ ದಿನಗಳಲ್ಲಿ ಅವನು ಮೆಟ್ಟಿಲು ಹತ್ತಿದ್ದು ಪ್ರಾಣಭಯಕ್ಕೋ ನಾಚಿಕೆಗೋ, ಅವನಿಗೇ ಗೊತ್ತಿರಲಿಲ್ಲ. ಅಂತೂ ಮೂರು ಮಹಡಿ ಆಯಿತು. ಮೂರೂವರೆ ಆಯಿತು. ಎರಡು ಚೆಂಡು ಮೇಲೆದ್ದು ನಿಲ್ಲತೊಡಗಿದವು. ಹೇಳಬೇಕಾದ ಮಾತು ಮಾತ್ರ ಗಂಟಲು ದಾಟಲಿಲ್ಲ.

ನಾಲ್ಕು ವಾರ ತುಂಬಿದ ಸೋಮವಾರ ಆಸ್ಪತ್ರೆಯ ಮೆಟ್ಟಿಲಲ್ಲಿ ಪರೀಕ್ಷೆ. ಮೇಷ್ಟ್ರು ಅವನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ ಜೊತೆಗೆ ಹತ್ತಿದರು. ಹೆಂಡತಿ ಚೀಲ, ಫೈಲು, ನೀರಿನ ಬಾಟಲಿ ಹಿಡಿದು ಹಿಂದೆ. ಮೂರನೆಯ ಮಹಡಿಯ ತಿರುವಿನಲ್ಲಿ ಅವನ ತೊಡೆ ನಡುಗಿತು. ಈಗ ನಿಂತರೆ ಮುಗಿಯಿತು ಎಂದು ಗೊತ್ತಿತ್ತು. "ನಿಲ್ಬೇಡಿ. ಕಾಲು ನೋಡ್ಬೇಡಿ, ಉಸಿರು ಬಿಡ್ತಾ ಎತ್ತಿಡಿ" ಎಂದು ಹಿಂದಿನಿಂದ ಅವಳ ದನಿ ಬಂತು. ಎತ್ತಿಟ್ಟ. ಮತ್ತೊಂದು ಎತ್ತಿಟ್ಟ. ನಾಲ್ಕನೆಯ ಮಹಡಿಯ ಗೋಡೆಗೆ ಕೈ ತಾಗಿತು.

"ಪಾಸು" ಎಂದರು ಮೇಷ್ಟ್ರು. "ಗುರುವಾರ ಆಪರೇಶನ್, ಮೇಡಂಗೆ ಹೇಳ್ತೀನಿ." ಅವರೇ ಏದುಸಿರು ಬಿಡುತ್ತಿದ್ದರು. ಪಕ್ಕದಲ್ಲಿ ತಣ್ಣಗೆ ನಿಂತ ಹೆಂಡತಿಯನ್ನು ನೋಡಿ, "ಅಮ್ಮ, ನಿಮ್ಮ ಉಸಿರು ನಮಗೆ ಸ್ವಲ್ಪ ಸಾಲ ಕೊಡಿ" ಎಂದು ನಕ್ಕರು. ಇಳಿಯುವಾಗ ಲಿಫ್ಟಿನಲ್ಲಿ ಹೋಗಿ ಎಂದು ಗುಂಡಿ ಒತ್ತಿ ಹೋದರು.

ಬಾಗಿಲು ತೆರೆಯಿತು. ಲಿಫ್ಟಣ್ಣ ಒಂದು ಕಾಲು ಒಳಗಿಟ್ಟ. ಅವಳು ಹೊರಗೇ ನಿಂತಳು.

"ನೀವು ಹೋಗಿ. ನಾನು ಮೆಟ್ಟಿಲಲ್ಲಿ ಬರ್ತೀನಿ."

ಅವನು ಕಾಲು ಹಿಂದೆ ತೆಗೆದ. ಗುರುವಾರ ತಾನು ಎದ್ದು ಬರುತ್ತೇನೋ ಇಲ್ಲವೋ, ಈಗ ಹೇಳದಿದ್ದರೆ ಇನ್ನಿಲ್ಲ ಎನ್ನಿಸಿತು. "ಆ ರೂಲ್ಸ್ ಇತ್ತಲ್ಲ, ಬಕೆಟಿಂದು" ಎಂದ. "ಅದು ಇದ್ದಿದ್ದು ಒಂದೇ ವಾರ ಕಣೆ. ನಾನು ಪೂರ್ತಿ ಓದಿರ್ಲಿಲ್ಲ. ತಪ್ಪಾಯ್ತು."

ಅವಳು ಬೆಚ್ಚಿಬೀಳಲಿಲ್ಲ. ಫೈಲನ್ನು ಕಂಕುಳಿಗೆ ಸರಿಸಿಕೊಂಡಳು.

"ನಂಗೆ ಗೊತ್ತಿತ್ತು" ಎಂದಳು. "ಆ ನೋಟಿಸ್ ಮೆಟ್ಟಿಲ ಗೋಡೆಗೂ ಅಂಟಿಸಿದ್ರು. ನಾನು ಪೂರ್ತಿ ಓದಿದ್ದೆ. ವಾರ ಕಳೆದ ಮಾರನೇ ದಿನ ಬಕೆಟ್ ಹಿಡ್ಕೊಂಡು ನಿಮ್ಮೆದುರಿಗೆ ಬಂದು ನಿಂತಿದ್ದೆ."

ಅವನಿಗೆ ನೆನಪೇ ಇರಲಿಲ್ಲ. "ಬಾಯಿಬಿಟ್ಟು ಹೇಳ್ಬೇಕಾಗಿತ್ತಲ್ಲೇ."

"ನೀವೇ ಕರೀತೀರೇನೋ ಅಂತ ನೋಡ್ದೆ. ಕರೀಲಿಲ್ಲ."

ಲಿಫ್ಟಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಯಾರೂ ಇಲ್ಲದೆ ಕೆಳಗಿಳಿಯಿತು. ಅವನು ಮತ್ತೆ ಗುಂಡಿ ಒತ್ತಲು ಹೋಗದೆ ಮೆಟ್ಟಿಲ ಕಡೆ ತಿರುಗಿದ. ಅವಳು ಆಗಲೇ ಎರಡು ಮೆಟ್ಟಿಲು ಇಳಿದು, ತಿರುಗಿ ನಿಂತು ಕಾಯುತ್ತಿದ್ದಳು.

"ಬನ್ನಿ. ಕಂಬಿ ಹಿಡ್ಕೊಂಡು ನಿಧಾನಕ್ಕೆ ಇಳೀರಿ."