ಒಲೆ ಉರಿಯದ ವಾರ

ಡ್ರಾಯಿಂಗ್ ಹಾಳೆಯ ಮೇಲೆ ಮಂಡಕ್ಕಿ ಉದುರದಂತೆ ಪ್ರಶಾಂತ ಕೈ ಅಡ್ಡ ಹಿಡಿದ. ಅಂಜನಕುಮಾರ ಮಿರ್ಚಿಯ ತುದಿ ಕಚ್ಚುತ್ತಲೇ ಹಾಳೆಯ ಮೇಲಿನ ಉಷ್ಣತೆಯ ಗೆರೆಯೊಂದನ್ನು ತೋರಿಸಿದ.

"ಲೇ, ಇದೇನೋ? ನಿಮ್ಮಕ್ಕನ ಅಡಿಗೆಮನೆ ಹಾಲ್‌ಗಿಂತ ತಂಪೈತೆ! ಅಲ್ಲಿ ರೊಟ್ಟಿ ಬಡೀತಾರೋ, ಐಸ್‌ಕ್ಯಾಂಡಿ ಮಾಡ್ತಾರೋ?"

"ಅದೇ ಮಜಾ. ದಪ್ಪ ಗೋಡೆ, ಮೇಲೆ ಇನ್ನೊಂದು ರೂಮು. ಕಿಟಕಿ ಇಲ್ದಿದ್ರೂ ತಂಪು ಅಂತ ಬರೆದ್ರೆ ಜಡ್ಜ್‌ಗಳು ತಿರುಗಿ ನೋಡ್ತಾರೆ."

ಇಬ್ಬರೂ ಕೊನೆಯ ವರ್ಷದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು. ದೇವರಾಜ ಅರಸು ಬಡಾವಣೆಯಲ್ಲಿ ಒಂದೇ ಬಾಡಿಗೆ ಕೋಣೆ. ಜನ ವಾಸವಿರುವ ಒಂದು ಕಟ್ಟಡವನ್ನು ಆರಿಸಿಕೊಂಡು, ಅದು ಬಿಸಿಲು, ಬೆಳಕು, ಗಾಳಿಯನ್ನು ಹೇಗೆ ನಿಭಾಯಿಸುತ್ತದೆಂದು ಅಳೆದು ಬರೆಯುವ ಸ್ಪರ್ಧೆಗೆ ಪ್ರಶಾಂತ ಹೆಸರು ಕೊಟ್ಟಿದ್ದ. ಅವನು ಆರಿಸಿದ್ದು ಹರಿಹರದಲ್ಲಿ ಅಕ್ಕ ವಾಣಿಶ್ರೀ ಸೊಸೆಯಾಗಿ ಸೇರಿದ ಮನೆಯನ್ನು. ಕೋಣೆಗೊಂದು ಥರ್ಮಾಮೀಟರ್ ತೂಗುಹಾಕಿ ಬಂದಿದ್ದ. ಒಂದು ವಾರ ಅಕ್ಕನೇ ನೋಡಿ ಬರೆದುಕೊಟ್ಟಿದ್ದಳು. ನಾಲ್ಕು ವರ್ಷ ಯಾವುದರಲ್ಲೂ ಮುಂದೆ ಬರದಿದ್ದವನಿಗೆ ಇದೊಂದು ಕೈಗೆ ಹತ್ತುತ್ತದೆ ಅನ್ನಿಸಿತ್ತು. ಹಾಳೆ ಒಪ್ಪಿಸಲು ಉಳಿದಿದ್ದು ನಾಳೆಯೊಂದೇ.

ಆದರೆ ಐಸ್‌ಕ್ಯಾಂಡಿಯ ಮಾತು ಹಲ್ಲಿಗೆ ಸಿಕ್ಕ ನಾರಿನಂತೆ ಕಾಡಿತು. ಪೆನ್ನಿಗೆ ಇಂಕು ತುಂಬಿದ, ತೊಳೆದ, ಮತ್ತೆ ತುಂಬಿದ. ಕೊನೆಗೆ ಒಂದು ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದ.

ಏಪ್ರಿಲ್ ತಿಂಗಳು, ಊಟದ ಹೊತ್ತು. ಹಾಲಿನಲ್ಲಿ ಅಕ್ಕನ ಮಾವ ಪರಮೇಶ್ವರಪ್ಪ ಫ್ಯಾನಿನ ಕೆಳಗೆ ಪೇಪರ್ ಓದುತ್ತಿದ್ದರು. "ಬರ್ರಿ ಇಂಜಿನಿಯರ್ ಸಾಹೇಬ್ರ, ಕೂಡ್ರಿ" ಅಂದರು. ಪ್ರಶಾಂತ ನಕ್ಕು ನೇರ ಒಳಗೆ ಹೋದ. ಅಡಿಗೆಮನೆಯ ಹೊಸ್ತಿಲಲ್ಲಿ ಕಾವು ಮುಖಕ್ಕೆ ಹೊಡೆಯಿತು. ವಾಣಿಶ್ರೀ ಹಂಚಿನ ಮುಂದೆ ನಿಂತಿದ್ದಳು. ಕುತ್ತಿಗೆಯ ತುಂಬ ಬೆವರುಸಾಲೆ, ಅದರ ಮೇಲೆ ಬಳಿದ ಪೌಡರು ಬೆವರಿಗೆ ಗೆರೆಗೆರೆಯಾಗಿತ್ತು.

"ಅಕ್ಕಾ, ಇಷ್ಟು ಸೆಕೆ! ಆ ವಾರ ಹೆಂಗೆ ತಂಪಿತ್ತು?"

"ಆ ವಾರ ಇಲ್ಲಿ ಒಲೆ ಎಲ್ಲಿ ಹಚ್ಚಿದ್ನೋ? ಥರ್ಮಾಮೀಟರ್ ಹತ್ರ ಬೆಂಕಿ ಇರಬಾರ್ದು, ಲೆಕ್ಕ ಕೆಡ್ತೈತೆ ಅಂತ ನೀನೇ ಹೇಳಿದ್ದಿ. ಹಿತ್ಲಾಗ ತಗಡಿನ ಕೆಳಗೆ ಸೀಮೆಎಣ್ಣೆ ಸ್ಟೋವ್ ಇಟ್ಕಂಡು ಮಾಡ್ದೆ."

ಅವನು ಹಾಗೆ ಹೇಳಿದ್ದು ನಿಜ. ಪುಸ್ತಕದಲ್ಲಿದ್ದುದನ್ನು ಹಾಗೆಯೇ ಒಪ್ಪಿಸಿದ್ದ. ಆ ಕೋಣೆ ಇರುವುದೇ ಬೆಂಕಿಗಾಗಿ ಎಂಬುದು ಹೊಳೆದಿರಲಿಲ್ಲ.

"ತ್ರಾಸಾಗ್ಲಿಲ್ಲಾ?"

"ಏನ್ ತ್ರಾಸು? ಅಲ್ಲಿ ಗಾಳಿ ಬರ್ತಿತ್ತು." ಅವಳು ರೊಟ್ಟಿ ತಿರುವಿ ಹಾಕಿದಳು. "ಇನ್ನೊಂದು ವಾರ ಅಳೀಬೇಕು ಅಂತೀಯೇನೋ ಅಂತ ಕಾಯ್ತಿದ್ದೆ."

ಪ್ರಶಾಂತ ಥರ್ಮಾಮೀಟರನ್ನು ಅವಳು ನಿಲ್ಲುವ ಜಾಗದ ಪಕ್ಕದ ಮೊಳೆಗೆ ಸಿಕ್ಕಿಸಿದ. ಪಾದರಸ ನಲವತ್ತನ್ನು ದಾಟಿ ಏರಿತು. ಎದುರಿನ ಗೋಡೆಯಲ್ಲಿ ಹಳೆಯ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದ ಚೌಕ ಇನ್ನೂ ಸುಣ್ಣದಡಿ ಎದ್ದು ಕಾಣುತ್ತಿತ್ತು.

"ಇದನ್ನ ಬರೀತೀನಕ್ಕಾ."

"ಬ್ಯಾಡ." ಅವಳು ದನಿ ತಗ್ಗಿಸಿದಳು. "ಹೆಣ್ಣು ಕೊಟ್ಟೋರ ಮಗ ಬಂದು ಮನೆಗೆ ಕುಂದು ಇಟ್ಟ ಅಂತಾರೆ. ನೀ ಬಸ್ ಹತ್ತಿ ಹೋಗ್ತಿ. ನಾ ಇಲ್ಲೇ ಇರಬೇಕು."

ಪ್ರಶಾಂತ ಹಾಲಿಗೆ ಬಂದು ಕೂತ. ಪರಮೇಶ್ವರಪ್ಪ ಪೇಪರ್ ಮಡಚಿದರು. "ಅಕ್ಕಿ ಮಂಡಿಯಾಗ ಎಲ್ಲಾರಿಗೂ ಹೇಳೀನಪ್ಪ. ನಮ್ಮನಿ ಫಸ್ಟ್ ಬರ್ತೈತಾ?"

ಹೌದೆಂದು ಎದ್ದು ಹೋಗಬಹುದಿತ್ತು. ಹಾಳೆ ಸಿದ್ಧವಿತ್ತು. ಅಕ್ಕನೂ ಅದನ್ನೇ ಬೇಡಿದ್ದಳು. ಆದರೆ ಅವಳು ಕಾದಿದ್ದ ಆ ಇನ್ನೊಂದು ವಾರ ಎದೆಯ ಮೇಲೆ ಕೂತಿತ್ತು.

"ನಾನು ತಪ್ಪು ಅಳ್ದಿದ್ದೆ ಮಾವಾರ. ಒಲೆ ಆರಿಸಿ ಅಳ್ದಿದ್ದೆ. ಈಗ ಉರಿಯೋವಾಗ ನೋಡ್ದೆ, ನಲವತ್ತು ದಾಟೈತೆ."

"ಒಲೆ ಮುಂದೆ ಬಿಸಿ ಇರದೆ ತಂಪಿರ್ತೈತಾ?"

"ಕಿಟಕಿ ಇದ್ದಿದ್ರೆ ಇಷ್ಟಿರ್ತಿರ್ಲಿಲ್ಲ."

ಪರಮೇಶ್ವರಪ್ಪನವರ ಮುಖ ಬಿಗಿಯಿತು. "ಸೊಕ್ಕಿಗೆ ಮುಚ್ಚಿಸಲಿಲ್ಲಪ್ಪ. ಪಕ್ಕದ ಓಣ್ಯಾಗ ಎಸ್‌ಟಿಡಿ ಬೂತ್ ಆತು. ಫೋನಿಗೆ ಸಾಲು ನಿಂತ ಹುಡುಗ್ರು ಒಳಗೆ ಇಣುಕೋರು. ಒಬ್ಬ ಹಾಡೇ ಹೇಳ್ದ. ಸೊಸಿ ಮರ್ಯಾದೆ ನಂದಲ್ಲಾ? ನಿಮ್ಮಪ್ಪ ಆಗಿದ್ರೂ ಇದನ್ನೇ ಮಾಡೋರು."

"ಹೌದ್ರಿ, ಮಾಡೋರು. ಆದ್ರೆ ಇಣುಕಿದೋರು ಹೊರಗೆ ಗಾಳಿಯಾಗ ನಿಂತಾರೆ. ಗೋಡೆ ಎದ್ದಿದ್ದು ಅಕ್ಕನ ಮುಂದೆ." ಪ್ರಶಾಂತ ಎದ್ದು ನಿಂತ. "ನಿಜಾನೇ ಬರೀತೀನಿ. ಯಾರ ಮನೆ ಅಂತ ಹೆಸರು ಹಾಕಲ್ಲ."

"ಹೆಸರು ಹಾಕದಿದ್ರೆ ನನ್ನ ಮನಿ ಬ್ಯಾರೆ ಆಗ್ತೈತೇನು?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಇನ್ನು ಬೈಗುಳವೇ ಎಂದು ಪ್ರಶಾಂತ ಕಾದ. ಆಗ ವಾಣಿಶ್ರೀ ತಟ್ಟೆ ಹಿಡಿದು ಬಂದಳು. ಆ ಮನೆಯಲ್ಲಿ ಗಂಡಸರ ಊಟ ಹಾಲಿಗೇ ಬರುತ್ತಿತ್ತು. ಬಿಸಿ ರೊಟ್ಟಿಗಾಗಿ ಅವಳು ಹತ್ತು ಸಲ ಒಳಗೂ ಹೊರಗೂ ಓಡಾಡುತ್ತಿದ್ದಳು.

ಪರಮೇಶ್ವರಪ್ಪ ಎದ್ದರು. "ಒಳಗೇ ಇಡವ್ವ."

ಅವಳು ತಮ್ಮನ ಮುಖ ನೋಡಿದಳು, ಮಾವನ ಹಿಂದೆ ನಡೆದಳು. ಅವರು ಒಲೆಗೆ ಹತ್ತಿರವೇ ಮಣೆ ಹಾಕಿಸಿಕೊಂಡು ಕೂತರು. ಮೊದಲ ರೊಟ್ಟಿ ಮುಗಿಯುವ ಮೊದಲೇ ಹಣೆಯ ವಿಭೂತಿ ಒದ್ದೆಯಾಗಿ ಹುಬ್ಬಿಗೆ ಇಳಿಯಿತು. ಹೆಗಲ ಟವೆಲಿನಿಂದ ಒರೆಸಿಕೊಂಡರು. ಮೇಲೆ ನೋಡಿದರು, ಫ್ಯಾನಿರಲಿಲ್ಲ.

"ಇಲ್ಲಿ ಫ್ಯಾನ್ ಯಾಕ ಹಾಕಿಸಿಲ್ಲ?"

"ಉರಿ ಆರ್ತೈತ್ರಿ" ಅಂದ ಪ್ರಶಾಂತ, ಬಾಗಿಲಿಗೆ ಒರಗಿ.

ಎರಡನೆಯ ರೊಟ್ಟಿಗೆ ಅವರು ಏಳಲು ನೆಲಕ್ಕೆ ಕೈ ಊರಿದರು. ಸೊಸೆ ಮೂರನೆಯದನ್ನು ಹಂಚಿಗೆ ಹಾಕುತ್ತಿದ್ದಳು. ಊರಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕೂತರು.

ಎರಡನೆಯದರ ಕೊನೆಯ ತುತ್ತು ಮುರಿಯುತ್ತ ಅಂದರು: "ಗೌಂಡಿ ನಬೀ ಸಾಬ್‌ಗೆ ಹೇಳ್ತೀನಿ, ಕಿಟಕಿ ಒಡೀಲಿ. ಅದಕ್ಕೆ ಹೊರಗಿಂದ ಚಿಲಕ ಹಾಕೋ ಹಂಗೆ ಕದ ಮಾಡಿಸ್ತೀನಿ. ಬೂತಿನ ಹತ್ರ ಜನ ಸೇರಿದಾಗ ನಾನೇ ಹೋಗಿ ಮುಚ್ಚಿ ಬರ್ತೀನಿ."

ರೊಟ್ಟಿ ಉಬ್ಬಿತು. ವಾಣಿಶ್ರೀ ಅದನ್ನು ಒತ್ತಲಿಲ್ಲ. ಮದುವೆಯಾದಂದಿನಿಂದ ಮಾವನ ಮಾತಿಗೆ ಅವಳ ಉತ್ತರ ತಲೆ ಆಡಿಸುವುದಷ್ಟೇ ಆಗಿತ್ತು.

"ಚಿಲಕ ಒಳಗಡೆ ಇರ್ಲಿ ಮಾವ" ಅಂದಳು. "ಯಾವಾಗ ಹಾಕಬೇಕು ಅಂತ ನನಗೆ ಗೊತ್ತಾಗ್ತೈತೆ."

ಪರಮೇಶ್ವರಪ್ಪ ತಟ್ಟೆಯನ್ನೇ ನೋಡುತ್ತ ಕೂತರು. ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು.

"ಆತು, ಒಳಗೇ ಇರ್ಲಿ" ಅಂದರು ಅವರು, ತಟ್ಟೆಯನ್ನು ಮುಂದಕ್ಕೆ ಸರಿಸಿ. "ಆ ಹೊತ್ತಿದ್ದನ್ನ ನನಗೇ ಹಾಕು."