ಕಲ್ಲು ಆರಿಸಿದ ಹೊಲ

ಬೆಳಿಗ್ಗೆ ಎದೆಲ್ಮಿರಾ ಬಾಗಿಲು ತೆಗೆದಾಗ ಹೊಲ ಕಪ್ಪಗಿತ್ತು. ನಿನ್ನೆ ಸಂಜೆ ಮೊಣಕಾಲೆತ್ತರ ಹಸಿರಾಗಿ ನಿಂತಿದ್ದ ಆಲೂಗಡ್ಡೆ ಗಿಡಗಳು ಕುದಿನೀರು ಸುರಿದ ಸೊಪ್ಪಿನ ಹಾಗೆ ಮಲಗಿದ್ದವು. ಹತ್ತಿರ ಹೋಗಿ ಒಂದು ಎಲೆ ಮುಟ್ಟಿದಳು. ಬೆರಳಿಗೆ ಅಂಟಿಕೊಂಡಿತು. ಲಂಗಕ್ಕೆ ಒರೆಸಿಕೊಂಡಳು. ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ. ಗಂಡ ಫೌಸ್ತೊನ ಹೆಣವನ್ನು ಹೇಸರಗತ್ತೆಯ ಮೇಲೆ ಅಡ್ಡ ಹಾಕಿಕೊಂಡು ಬೆಟ್ಟದಿಂದ ಇಳಿಸಿ ತಂದ ದಿನವೂ ಹೀಗೇ ಕಾದಿದ್ದಳು.

ಹೊಲದಂಚಿನ ಗೋಡೆಯಾಚೆ ಮೈದುನ ಲಿವೊರಿಯೊನ ಹೊಲ. ಅಲ್ಲಿ ಗಿಡಗಳ ತುದಿ ಮಾತ್ರ ಕಂದಿತ್ತು, ಉಳಿದದ್ದೆಲ್ಲ ಹಸಿರೇ. ಅದೇ ಇಳಿಜಾರು, ಅದೇ ಬೀಜ, ರಾತ್ರಿ ಎಲೆ ಸುಟ್ಟ ಅದೇ ಚಳಿ.

ಈ ಹೊಲಗಳು ಯಾರ ಸ್ವಂತದ್ದೂ ಅಲ್ಲ, ಊರಿನವು. ಬೆಳೆ ತೆಗೆಯುತ್ತಿರುವವರೆಗೆ ಮಾತ್ರ ಅವರವರವು. ಫೌಸ್ತೊ ಸತ್ತ ಮೇಲೆ ಸಭೆಯಲ್ಲಿ ಮಾತು ಬಂದಿತ್ತು: ಮಕ್ಕಳಿಲ್ಲದ ಹೆಂಗಸು, ಅದೂ ಕೆಳಗಿನ ಕಣಿವೆಯವಳು, ಒಬ್ಬಳೇ ಈ ಕಡಿದಾದಲ್ಲಿ ಏನು ಮಾಡಿಯಾಳು, ಲಿವೊರಿಯೊಗೇ ಕೊಟ್ಟುಬಿಡೋಣ. ಅಧ್ಯಕ್ಷ ದೊನ್ ಅಬಿಲಿಯೊ ಜಗಿಯುತ್ತಿದ್ದ ಕೋಕಾ ಎಲೆಯನ್ನು ಕೆನ್ನೆಯ ಈ ಕಡೆಯಿಂದ ಆ ಕಡೆಗೆ ತಳ್ಳಿ, ಒಂದು ಬೆಳೆ ನೋಡೋಣ ಎಂದಿದ್ದ. ಬಂದರೆ ಹೊಲ ಅವಳದು. ಬಾರದಿದ್ದರೆ ಅವಳಿಗೆ ಉಳಿಯುವುದು ಕಾರ್ವಾಸ್ ಪೇಟೆಯಲ್ಲಿ ಅಣ್ಣನ ಮನೆ, ಅತ್ತಿಗೆಯ ಒಲೆಯ ಪಕ್ಕದ ಮೂಲೆ.

ಯಾವ ಕಾಲದಲ್ಲೋ ಶಿಖರದ ಹಿಮಗಡ್ಡೆ ಇಲ್ಲಿಯವರೆಗೂ ಇಳಿದಿತ್ತಂತೆ. ಬೆಟ್ಟವನ್ನು ಅರೆದು, ತಿಂದು ಬಿಟ್ಟದ್ದನ್ನೆಲ್ಲ ಇಳಿಜಾರಿನ ಮೇಲೆ ಚೆಲ್ಲಿ ಹಿಂದಕ್ಕೆ ಹೋಗಿತ್ತು. ಮುಷ್ಟಿಯಷ್ಟು, ತಲೆಯಷ್ಟು ಕಲ್ಲುಗಳು, ಅವುಗಳ ನಡುವೆ ದೊರಗು ಮರಳು, ಹುಡುಕಿದರೆ ಸಿಕ್ಕುವಷ್ಟು ಕಪ್ಪು ಮಣ್ಣು. ನೀರು ಹೊಯ್ದರೆ ಜರಡಿಗೆ ಹೊಯ್ದಂತೆ. ಇಳಿಜಾರು ಎಷ್ಟು ಕಡಿದೆಂದರೆ, ಮೇಲಿನ ಸಾಲಿನಲ್ಲಿ ಅಗೆಯುವವರಿಗೆ ಕೆಳಗಿನ ಸಾಲಿನವರ ಟೋಪಿಯ ನೆತ್ತಿ ಮಾತ್ರ ಕಾಣುತ್ತಿತ್ತು. ಎದೆಲ್ಮಿರಾಳ ಅಪ್ಪನ ಹೊಲವೋ ಕಣಿವೆಯ ಜೇಡಿಮಣ್ಣು. ನಾಯಿಗೆ ಎಸೆಯಲು ಒಂದು ಕಲ್ಲು ಬೇಕೆಂದರೂ ದಾರಿಗೆ ಹೋಗಿ ತರಬೇಕಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಫೌಸ್ತೊ ನಗುತ್ತಿದ್ದ: "ನಮ್ಮಲ್ಲಿ ಕಲ್ಲಿನ ಬೆಳೆ ಕಣೇ. ಮಧ್ಯೆ ಎಲ್ಲಾದ್ರೂ ಆಲೂಗಡ್ಡೆ ಸಿಕ್ರೆ ಆರಿಸಿ ಒಂದು ಕಡೆ ಇಡು."

ಅವನು ಬೆಟ್ಟ ಹತ್ತಲು ಬರುವ ಹೊರಗಿನವರ ಸಾಮಾನನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದವನು. ಒಂದು ದಿನ ಬೆಟ್ಟದ ಕೆರೆಯ ಮೇಲಿನ ಅಂಚಿನಲ್ಲಿ ಕಾಲುದಾರಿಯ ಕೆಳಗಿನ ಜಲ್ಲಿ ಸದ್ದಿಲ್ಲದೆ ಜಾರಿ ಅವನನ್ನು ಎಳೆದುಕೊಂಡು ಹೋಯಿತು. ಊರಿನ ಗಂಡಸರು ಅವನ ಮೇಲಿಂದ ಕಲ್ಲುಗಳನ್ನು ಒಂದೊಂದಾಗಿ ಎತ್ತಿಟ್ಟರು. ಬಿಳಿ ಚುಕ್ಕೆಯ ಬೂದುಗಲ್ಲುಗಳು. ಹೊಲದಲ್ಲಿರುವಂಥವೇ.

ಮಣ್ಣು ಮಾಡಿ ಬಂದ ವಾರವೇ ಎದೆಲ್ಮಿರಾ ಹೊಲಕ್ಕಿಳಿದು ಕಲ್ಲು ಆರಿಸತೊಡಗಿದಳು. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು, ಹುರಿದ ಮೆಕ್ಕೆಜೋಳವನ್ನು ಜೇಬಿಗೆ ಹಾಕಿಕೊಂಡು, ಬೆನ್ನಿಗೆ ಕಟ್ಟುವ ಬಟ್ಟೆಯಲ್ಲಿ ಕಲ್ಲು ತುಂಬಿ ಕೊರಕಲಿನ ಅಂಚಿಗೆ ಹೊತ್ತು ಸುರಿಯುತ್ತಿದ್ದಳು. ಕಾಳಿನಲ್ಲಿ ಕಲ್ಲು ಆರಿಸಿದ ಹಾಗೆ, ಸಾಲಿನಿಂದ ಸಾಲಿಗೆ. ಮಳೆ ಬಂದು ಮಣ್ಣು ತೊಳೆದರೆ ಇನ್ನಷ್ಟು ಕಲ್ಲುಗಳು ಮೇಲೆದ್ದು ಕೂರುತ್ತಿದ್ದವು, ಅವನ್ನೂ ಆರಿಸಿದಳು. ಬಿತ್ತಿದ ಮೇಲೂ ಬಿಡಲಿಲ್ಲ. ಹೊಲ ಗುಡಿಸಿದ ಅಂಗಳದಂತಾಯಿತು. ದಾರಿಹೋಕರು, ಇಲ್ಲಿ ಮದುವೆ ಕುಣಿತ ಇಟ್ಟುಕೊಳ್ಳಬಹುದು ಎಂದು ನಗೆಯಾಡಿದರು. ಅತ್ತೆ, ಫೌಸ್ತೊನ ತಾಯಿ ಇಲಾರಿಯಾ ಮಾತ್ರ ದಿನವೂ ಗೋಡೆಯ ಮೇಲೆ ಕೂತು ಉಣ್ಣೆ ನೂಲುತ್ತ ನೋಡುತ್ತಿದ್ದಳು. ಏನೂ ಅನ್ನುತ್ತಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ದೊನ್ ಅಬಿಲಿಯೊ ಬಂದ. ಹಿಂದೆಯೇ ಲಿವೊರಿಯೊ. ಅಧ್ಯಕ್ಷ ಸಾವಿನ ಮನೆಗೆ ಬಂದವನಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕಲ್ಲೆಲ್ಲ ಏನ್ಮಾಡ್ದೆ, ತಾಯಿ?"

"ತೆಗೆದೆ."

"ಎಲ್ಲಾನೂ?"

ಅವಳು ಹೌದೆಂದು ತಲೆಯಾಡಿಸಿದಳು. ಲಿವೊರಿಯೊ ಗೋಡೆಗೆ ಒರಗಿಕೊಂಡ. "ಅತ್ತಿಗೆ ಒಳ್ಳೇದೇ ಮಾಡಿದಾರೆ. ಮನೆ ಬಿಡೋವಾಗ ಗುಡಿಸಿ ಬಿಡ್ತಾರಲ್ಲ, ಹಾಗೆ."

ಅಧ್ಯಕ್ಷ ಅವನತ್ತ ನೋಡಲಿಲ್ಲ. ಒಂದು ಗಿಡದ ಬುಡ ಕೆದಕಿ, ಬೇರು ಸತ್ತಿಲ್ಲ, ಚಿಗುರಿದರೂ ಚಿಗುರೀತು, ಕಾರ್ನಿವಲ್ ಹಬ್ಬ ಕಳೆದ ಮೇಲೆ ಮತ್ತೆ ಬಂದು ನೋಡುತ್ತೇನೆ ಎಂದ. ಅಷ್ಟರೊಳಗೆ ಇನ್ನೊಂದು ರಾತ್ರಿ ಹೀಗೇ ಚಳಿ ಬಿದ್ದರೆ ತಾನೇನೂ ಮಾಡಲಾರೆ ಎಂದೂ ಹೇಳಿದ. ಟೋಪಿ ಹಾಕಿಕೊಂಡು ಇಳಿದು ಹೋದ, ಹಿಂದೆಯೇ ಲಿವೊರಿಯೊ.

ಇಲಾರಿಯಾ ಗೋಡೆಯ ಮೇಲೆ ಕೂತೇ ಇದ್ದಳು. ಕದಿರು ತಿರುಗುತ್ತಿತ್ತು.

"ಹಗಲೆಲ್ಲ ಬಿಸಿಲು ಕುಡಿಯುತ್ತೆ ಕಲ್ಲು," ಎಂದಳು, ನೂಲಿನ ಮೇಲಿಂದ ಕಣ್ಣು ಎತ್ತದೆ. "ರಾತ್ರಿ ಗಿಡಕ್ಕೆ ಕೊಡುತ್ತೆ. ನೀನು ಹೊಲದ ಕಂಬಳಿ ಎಳೆದು ಹಾಕಿದೆ."

ಎದೆಲ್ಮಿರಾ ಕಪ್ಪು ಸಾಲುಗಳ ನಡುವೆ ನಿಂತಿದ್ದಳು. ಸಿಟ್ಟು ಬರಬೇಕಿತ್ತು. ಅದೂ ಎಲ್ಲೋ ದೂರದಲ್ಲಿ, ಬೇರೆ ಯಾರದೋ ಮನೆಯ ಜಗಳದ ಹಾಗೆ ಕೇಳಿಸಿತು.

"ಗೊತ್ತಿತ್ತಲ್ಲ ಅತ್ತೆ. ಯಾಕೆ ಹೇಳ್ಲಿಲ್ಲ?"

ಕದಿರು ನಿಂತಿತು.

"ಹೇಳಿದ್ರೆ ನಿಲ್ಲಿಸ್ತಿದ್ದೆ. ನಿಲ್ಲಿಸಿದ್ಮೇಲೆ ಬೆಳಿಗ್ಗೆ ಯಾತಕ್ಕೆ ಏಳ್ತಿದ್ದೆ ನೀನು?" ಮುದುಕಿ ನೂಲನ್ನು ಸುತ್ತಿ ಮಡಿಲಿಗೆ ಹಾಕಿಕೊಂಡಳು. "ನಾನಾದ್ರೂ ಅಷ್ಟೆ. ನಿನ್ನ ನೋಡೋಕೆ ಅಂತ ಏಳ್ತಿದ್ದೆ."

ಎದೆಲ್ಮಿರಾ ಹೆಗಲ ಮೇಲಿನ ಬಟ್ಟೆ ಬಿಚ್ಚಿ ಕೊಡವಿ, ಕೊರಕಲಿನ ಅಂಚಿಗೆ ನಡೆದಳು. ಗುಡ್ಡೆ ಅವಳು ನೆನೆಸಿದ್ದಕ್ಕಿಂತ ದೊಡ್ಡದಿತ್ತು. ಮೇಲಿನ ಕಲ್ಲು ಎತ್ತಿದಳು, ಅದರ ಕೆಳಗಿನದು, ಅದರ ಕೆಳಗಿನದು. ಫೌಸ್ತೊನ ಮೇಲಿಂದ ಎತ್ತಿದ್ದೂ ಹೀಗೇ ಇದ್ದೀತು ಎಂದು ಅನ್ನಿಸಿತು. ಕೈ ನಿಲ್ಲಲಿಲ್ಲ.

ಇಲಾರಿಯಾ ಸಣ್ಣ ಕಲ್ಲುಗಳನ್ನು ಮಡಿಲಲ್ಲಿ ತಂದಳು. ಈಗ ಅವಳ ಬಾಯಿಗೆ ಬಿಡುವಿರಲಿಲ್ಲ. ಬುಡಕ್ಕೆ ಒತ್ತಿ ಇಡಬೇಡ, ಚಪ್ಪಟೆ ಮೈ ಮೇಲಿರಲಿ, ಗಿಡದ ಕೆಳಬದಿಗೆ ಇಟ್ಟರೆ ಮಣ್ಣೂ ನಿಲ್ಲುತ್ತೆ, ಇಷ್ಟು ದಿನ ಆರಿಸಿದವಳಿಗೆ ಇಡೋಕೆ ಬರಲ್ವಾ. ಗೋಡೆಯಾಚೆ ಲಿವೊರಿಯೊ ಗುದ್ದಲಿ ಊರಿಕೊಂಡು ಬಹಳ ಹೊತ್ತು ನೋಡಿದ, ನಗಲಿಲ್ಲ. ಬಿಸಿಲು ಇಳಿಯುವಷ್ಟರಲ್ಲಿ ಮೇಲಿನ ಕೆಲವು ಸಾಲುಗಳಷ್ಟೇ ಮುಗಿದಿದ್ದವು.

ಇಲಾರಿಯಾ ಒಲೆ ಹಚ್ಚಲು ಒಳಗೆ ಹೋದಳು. ಎದೆಲ್ಮಿರಾ ಕೈಯಲ್ಲಿದ್ದ ಕೊನೆಯದನ್ನು ಇಟ್ಟು, ಏಳಲೆಂದು ಪಕ್ಕದ ಕಲ್ಲಿನ ಮೇಲೆ ಅಂಗೈ ಊರಿದಳು. ಮಧ್ಯಾಹ್ನ ಇಟ್ಟ ಕಲ್ಲು. ಬೆಚ್ಚಗಿತ್ತು.

ಸಾರು ಆರುತ್ತೆ ಎಂದು ಒಳಗಿನಿಂದ ಕರೆದದ್ದು ಕೇಳಿಸಿತು. ಬಂದೆ ಎಂದಳು. ಎದುರಿನ ಶಿಖರದ ಹಿಮ ಕೆಂಪಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗುವವರೆಗೂ ಅವಳು ಕೈ ತೆಗೆಯಲಿಲ್ಲ.