ಸುಜಯನ ಹದಿನಾಲ್ಕು ಕಾರ್ಡುಗಳು

ತಮ್ಮ ಸುಜಯ ತೀರಿಕೊಂಡ ಹದಿನೈದನೆಯ ದಿನಕ್ಕೆ ದೀಕ್ಷಾ ಕೆಲಸಕ್ಕೆ ಹೊರಟಳು. ಅಂಕೋಲೆಯಲ್ಲಿ ಎಂದಿನ ಎಂಟೂಕಾಲರ ಬಸ್ಸು ಹತ್ತಿ, ಕಾರವಾರದಲ್ಲಿ ಇಳಿದು, ಪ್ರೆಸ್ಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಟಿಂಗ್ ಮಷಿನ್ನಿನ ಮುಂದೆ ನಿಂತಳು. ಮದುವೆ ಕಾಗದಗಳ ಒಂದು ದೊಡ್ಡ ಕಟ್ಟು ಕಾದಿತ್ತು. ಅಳತೆಗೆ ಹೊಂದಿಸಿ, ಒತ್ತಿ, ಬ್ಲೇಡು ಇಳಿಸಿದಳು. ಕೈಗೆ ಕೆಲಸ ಗೊತ್ತಿತ್ತು, ಅವಳನ್ನು ಕೇಳುವ ಅಗತ್ಯ ಅದಕ್ಕಿರಲಿಲ್ಲ.

ಪ್ರೆಸ್ಸಿನ ಮಾಲೀಕ ಮಹಾಬಲೇಶ್ವರ ಕನ್ನಡಕದ ಮೇಲಿಂದ ನೋಡಿದರು. "ಇನ್ನೂ ನಾಕು ದಿನ ಮನೇಲಿ ಇರೂದಾಗಿತ್ತು ಮಾರಾಯ್ತಿ."

"ಮನೇಲಿ ಇದ್ದು ಎಂತ ಮಾಡೂದು, ಸರ್?"

ಮಹಾಬಲೇಶ್ವರ ಚಹಾ ತರಿಸಿದರು. ದೀಕ್ಷಾ ಕುಡಿದಳು. ಬಿಸಿಯಿತ್ತು ಎನ್ನುವುದು ಮಾತ್ರ ತಿಳಿಯಿತು.

ಸುಜಯನಿಗೆ ಮೂವತ್ಮೂರು ವರ್ಷ. ಮೈ ಬೆಳೆದಿತ್ತು, ಬುದ್ಧಿ ಆರೇಳು ವರ್ಷದ ಹುಡುಗನ ಹತ್ತಿರವೇ ನಿಂತುಬಿಟ್ಟಿತ್ತು. ತಂದೆ ಹೋಗಿ ಬಹಳ ಕಾಲವಾಗಿತ್ತು. ಒಂಬತ್ತು ವರ್ಷದ ಹಿಂದೆ ತಾಯಿಯೂ ಹೋದ ಮೇಲೆ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ. ದೀಕ್ಷಾಗೆ ಆಗ ಇಪ್ಪತ್ತೊಂಬತ್ತು. ಎರಡು ಕಡೆಯಿಂದ ಸಂಬಂಧ ಬಂದಿತ್ತು, ತಮ್ಮನ ಮಾತು ಬಂದಾಗ ಎರಡೂ ನಿಂತುಹೋದವು. ಮೂರನೆಯದನ್ನು ಅವಳೇ ಬೇಡವೆಂದಳು.

ಪ್ರೆಸ್ಸಿನಲ್ಲಿ ಕತ್ತರಿಸಿ ಬಿದ್ದ ಅಂಚುಗಳನ್ನು ಅವಳು ಚೀಲದಲ್ಲಿ ತುಂಬಿ ಮನೆಗೆ ತರುತ್ತಿದ್ದಳು. ಚಿನ್ನದ ಗೆರೆಯ ಪಟ್ಟಿಗಳು, ಅರ್ಧ ಮಾವಿನೆಲೆಯ ತೋರಣ, ಕೆಂಪು, ಅರಿಶಿನ, ತಿಳಿಹಸಿರು ತುಂಡುಗಳು. ಮೊದಲು ಅದು ಸುಜಯನ ಕೈಗೆ ಆಟವಾಗಿತ್ತು. ಆಮೇಲೆ ಒಂದು ಭಾನುವಾರ ದೀಕ್ಷಾ ಅಳಿಸುವ ರಬ್ಬರಿನ ಮೇಲೆ ಬ್ಲೇಡಿನಿಂದ ಒಂದು ಬಂಗಡೆ ಮೀನು ಕೆತ್ತಿಕೊಟ್ಟಳು. ಸುಜಯ ಅದನ್ನು ಶಾಯಿಯ ಪ್ಯಾಡಿಗೆ ಒತ್ತಿ ಕಾಗದಕ್ಕೆ ಹೊಡೆದ. "ಠಪ್ಪ" ಎಂದ. ಮೀನು ಮೂಡಿತು. ಅವನು ಬಾಯಿ ತೆರೆದು ಅಕ್ಕನ ಮುಖ ನೋಡಿದ. ಅದಕ್ಕೆ ತಾಗಿಕೊಂಡೇ, ಶಾಯಿ ಹಚ್ಚದೆ, ಇನ್ನೊಂದು ಸಲ ಹೊಡೆದ. ಕಪ್ಪು ಮೀನಿನ ಪಕ್ಕ ಒಂದು ತೆಳು ಮೀನು ಬಂತು. ಅಂದಿನಿಂದ ಅವನದು ಅದೇ ರೀತಿ: ಪ್ರತಿ ಅಚ್ಚನ್ನೂ ಎರಡು ಸಲ ಒತ್ತುವುದು. ಒಂದು ಗಟ್ಟಿ, ಒಂದು ತೆಳು, ಎರಡೂ ಓರೆ.

ಹೀಗೆ ಶುಭಾಶಯದ ಕಾರ್ಡುಗಳು ಶುರುವಾದವು. ದೀಕ್ಷಾ ದಪ್ಪ ಕಾಗದ ಮಡಚಿ ತುಂಡುಗಳನ್ನು ಅಂಟಿಸುವುದು, ಸುಜಯ ಅಚ್ಚು ಹೊಡೆಯುವುದು. ದೋಣಿ, ಕೊಡೆ, ಕಾಗೆ, ಬೆಂಡೆಕಾಯಿಯ ತೊಟ್ಟು ಕೊಯ್ದರೆ ಬರುವ ಐದೆಸಳ ಹೂವು. ಕಾರವಾರದಲ್ಲಿ ಹೆಂಗಸರ ಸಂಘದವರು ಮಳಿಗೆ ಹಾಕಿದಾಗ ಇವರಿಗೂ ಒಂದು ಮೇಜು ಕೊಟ್ಟಿದ್ದರು. ಸುಜಯ ಇಡೀ ದಿನ ಅಲ್ಲಿ ಕೂತು ಠಪ್ಪ ಠಪ್ಪ ಎನ್ನುತ್ತಿದ್ದ. ಜನ ನಿಂತು ನೋಡುತ್ತಿದ್ದರು.

ಆಷಾಢದ ಮಳೆಯಲ್ಲಿ ಜ್ವರ ಬಂತು. ಎದೆಗೆ ಕಫ ಇಳಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ. ಐದನೆಯ ದಿನ ಬೆಳಿಗ್ಗೆ ದೀಕ್ಷಾ ಗಂಜಿ ತರಲು ಕೆಳಗಿಳಿದಳು, ಮೇಲೆ ಬರುವಷ್ಟರಲ್ಲಿ ಮುಗಿದಿತ್ತು.

ಅವಳು ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದಳು, ಭಟ್ಟರಿಗೆ ಬೇಕಾದ್ದು ತೆಗೆದಿಟ್ಟಳು. ದೊಡ್ಡಪ್ಪನ ಮಗಳು ಹೀರಾ ಮಾಜಾಳಿಯಿಂದ ಬಂದವಳು ಹದಿಮೂರೂ ದಿನ ಇದ್ದು, ಹೊರಡುವಾಗ ಕೈ ಹಿಡಿದು ಹೇಳಿದಳು: "ಒಂದು ಲೆಕ್ಕದಲ್ಲಿ ದೇವ್ರು ಒಳ್ಳೇದೇ ಮಾಡ್ದ ದೀಕ್ಷಾ. ಅಂವನೂ ಪಾರಾದ, ನಿಂಗೂ ಬಿಡುಗಡೆ ಆಯ್ತು. ಇನ್ನಾದ್ರೂ ನಿನ್ನ ಜೀವ ನೋಡ್ಕೊ."

ದೀಕ್ಷಾ "ಹೌದು" ಎಂದಳು. ಬಿಡುಗಡೆ ಎಲ್ಲಿದೆಯೆಂದು ಒಳಗೆ ಹುಡುಕಿದಳು. ಅದಿರಲಿಲ್ಲ. ದುಃಖವನ್ನು ಹುಡುಕಿದಳು, ಅದೂ ಸಿಗಲಿಲ್ಲ. ಹಲ್ಲು ಕೀಳುವ ಮೊದಲು ವೈದ್ಯರು ಚುಚ್ಚುಮದ್ದು ಕೊಟ್ಟಾಗ ಕೆನ್ನೆ ದಪ್ಪವಾಗಿ ಯಾರದೋ ಎನಿಸುವುದಿಲ್ಲವೇ, ಇಡೀ ಮೈ ಹಾಗಾಗಿತ್ತು.

ಅತ್ತಿದ್ದು ನಾಗಿ. ಅಕ್ಕಪಕ್ಕದ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸು, ಮಂಡಿ ನೋವಾದ ಮೇಲೆ ಗದ್ದೆಗೆ ಇಳಿಯಲಾಗದೆ, ದೀಕ್ಷಾ ಕೆಲಸಕ್ಕೆ ಹೋದಾಗ ಸುಜಯನನ್ನು ನೋಡಿಕೊಳ್ಳುತ್ತಿದ್ದಳು. ಒಂಬತ್ತು ವರ್ಷ ಅವನಿಗೆ ಉಣ್ಣಿಸಿದವಳು. ಅವನು ಹೋದ ಮೇಲೂ ನಾಗಿ ಬೆಳಿಗ್ಗೆ ಎಂಟಕ್ಕೆ ಬರುವುದನ್ನು ಬಿಡಲಿಲ್ಲ. ಜಗುಲಿಯಲ್ಲಿ ಕೂತು, ಎಲೆ ಹಾಕಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಸಂಜೆಯವರೆಗೆ ಇರುತ್ತಿದ್ದಳು. ಇನ್ನು ಬರಬೇಕಿಲ್ಲ ಎಂದು ಹೇಳಲು ದೀಕ್ಷಾಗೆ ನಾಲಗೆ ಏಳಲಿಲ್ಲ. ಕೀಲಿಯನ್ನು ಮೊದಲಿನ ಹಾಗೇ ಅವಳ ಕೈಗೆ ಕೊಟ್ಟು ಹೋಗುತ್ತಿದ್ದಳು.

ಶ್ರಾವಣ ಶುರುವಾದ ವಾರ ಪ್ರೆಸ್ಸಿಗೆ ಒಬ್ಬರು ಬಂದರು. ಸಂದೀಪ ಎಂದು ಹೆಸರು, ಕೈಗಾ ಅಣುಸ್ಥಾವರದಲ್ಲಿ ಕೆಲಸ, ಆ ತಿಂಗಳ ಕೊನೆಗೆ ನಿವೃತ್ತಿ.

"ಸಂಘದ ಮಳಿಗೇಲಿ ನಿಮ್ಮ ಹತ್ರ ಒಂದು ಕಾರ್ಡ್ ತಕಂಡಿದ್ದೆ. ಮೀನಿಂದು. ನಿಮ್ಮ ತಮ್ಮ ಅಚ್ಚು ಹೊಡೀತಾ ಇದ್ರಲ್ಲ," ಎಂದರು. "ನಂಗೆ ನಲವತ್ತೆರಡು ಬೇಕು. ನಮ್ಮ ಕಂಪನಿ ಬಸ್ಸಿನವರಿಗೆ. ಇಪ್ಪತ್ತೊಂಬತ್ತು ವರ್ಷ ಅದೇ ಬಸ್ಸು, ಬಾಯೀ. ಹೆಂಡ್ತಿ ಜೊತೆ ಕೂತಿದ್ದಕ್ಕಿಂತ ಆ ಜನರ ಜೊತೆ ಕೂತಿದ್ದೇ ಹೆಚ್ಚು. ಸ್ವೀಟ್ ಬಾಕ್ಸ್ ಎಲ್ಲಾರೂ ಕೊಡ್ತರು. ನಾ ಒಬ್ಬೊಬ್ರಿಗೂ ಹೆಸರು ಬರ್ದು ಕಾರ್ಡ್ ಕೊಡ್ವಾ ಅಂತ. ಆಗ್ತದಾ?"

"ಆಗ್ತದೆ," ಎಂದಳು ದೀಕ್ಷಾ. ತಮ್ಮ ಇಲ್ಲ ಎಂದು ಆಗಲೇ ಹೇಳಬಹುದಿತ್ತು. ಮಾತು ಮುಂದೆ ಹೋಯಿತು. ಅವರು ತಾರೀಖು ಹೇಳಿದರು, ಅವಳು ಬರೆದುಕೊಂಡಳು.

ಭಾನುವಾರ ಚಾಪೆಯ ಮೇಲೆ ಎಲ್ಲ ಹರಡಿದಳು. ಅಂಟು, ಕತ್ತರಿ, ಪ್ಯಾಡು, ರಬ್ಬರಿನ ಅಚ್ಚುಗಳು. ಅಚ್ಚು ಹಿಡಿದಾಗ ಅದರ ಬೆನ್ನಿನ ಮೇಲೆ ಹೆಬ್ಬೆರಳಿನ ಒಂದು ಕುಳಿ ಇತ್ತು, ಅವಳ ಹೆಬ್ಬೆರಳಿಗಿಂತ ಅಗಲ. ಒತ್ತಿದಳು. ಮೀನು ನೇರವಾಗಿ, ನಡುವೆ, ಸ್ವಚ್ಛವಾಗಿ ಮೂಡಿತು. ಪ್ರೆಸ್ಸಿನಲ್ಲಿ ಅಚ್ಚಾದ ಹಾಗೆ. ಎರಡನೆಯ ಸಲ ಒತ್ತಲು ಅವಳ ಕೈ ಹೋಗಲಿಲ್ಲ.

ಜಗುಲಿಯಿಂದ ನಾಗಿ ನೋಡುತ್ತಿದ್ದಳು. ಭಾನುವಾರವೂ ಬಂದಿದ್ದಳು.

"ಅಷ್ಟ್ ಮೆತ್ತಗೆ ಒತ್ತೂದಲ್ವೇ ತಂಗೀ. ಅಂವ ಹ್ಯಾಂಗೆ ಹೊಡೀತಿದ್ದ! ನೆಲ ಅದುರ್ತಿತ್ತು."

"ನಂಗೆ ಹಂಗೆ ಬರೂದಿಲ್ಲ, ನಾಗಕ್ಕ."

"ನೀ ಯಾಕೆ ಅಳೂದಿಲ್ವೇ?" ನಾಗಿ ಕೇಳಿದ್ದು ಆಕ್ಷೇಪಣೆಯಿಂದಲ್ಲ, ಊಟ ಯಾಕೆ ಮಾಡಲಿಲ್ಲ ಎಂದು ಕೇಳಿದ ಹಾಗೆ.

"ಗೊತ್ತಿಲ್ಲ. ಬರೂದಿಲ್ಲ."

"ಬರ್ಲಿಲ್ದಿದ್ರೆ ಬ್ಯಾಡ ಬಿಡು," ಎಂದಳು ನಾಗಿ. ಎದ್ದು ಬಂದು ಪಕ್ಕದಲ್ಲಿ ಕಾಲು ಚಾಚಿ ಕೂತು, ಬಣ್ಣದ ತುಂಡುಗಳನ್ನು ಬೇರೆ ಬೇರೆ ಮಾಡಿ ಗುಡ್ಡೆ ಹಾಕತೊಡಗಿದಳು. ಅರಿಶಿನದ್ದು ಒಂದು ಕಡೆ, ಕೆಂಪು ಒಂದು ಕಡೆ.

ಮೂರು ಭಾನುವಾರದಲ್ಲಿ ಇಪ್ಪತ್ತೆಂಟು ಕಾರ್ಡುಗಳಾದವು. ಕೊನೆಯ ವಾರ ಪ್ರೆಸ್ಸಿನಲ್ಲಿ ಗಣೇಶ ಹಬ್ಬದ ರಸೀದಿ ಪುಸ್ತಕಗಳ ಕೆಲಸ ಮೈಮೇಲೆ ಬಿತ್ತು, ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಗುರುವಾರ ಸಂಜೆ ಅವಳು ಎಣಿಸಿದಳು. ಇನ್ನೂ ಹದಿನಾಲ್ಕು ಬೇಕು. ಕಪಾಟಿನ ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ಕಾರ್ಡುಗಳಿದ್ದವು, ಜ್ವರಕ್ಕೆ ಮೊದಲು ಮಾಡಿಟ್ಟಿದ್ದು. ಎಣಿಸಿದರೆ ಸರಿಯಾಗಿ ಹದಿನಾಲ್ಕು. ಅವನ್ನೂ ಸೇರಿಸಿ, ಎಲ್ಲವನ್ನೂ ಲಕೋಟೆಗೆ ಹಾಕಿ, ದಾರ ಕಟ್ಟಿದಳು. ಆಗ ಏನೂ ಅನಿಸಲಿಲ್ಲ. ಲೆಕ್ಕ ಸರಿಹೋಯಿತು ಎಂದಷ್ಟೇ.

ಶುಕ್ರವಾರ ಸಂದೀಪ ಬಂದು ಕಟ್ಟು ತೆಗೆದುಕೊಂಡರು. ನಾಳೆಯೇ ಕೊನೆಯ ದಿನ, ಬೆಳಿಗ್ಗೆ ಬಸ್ಸಿನಲ್ಲೇ ಹಂಚುವುದು ಎಂದರು. ಹೊರಡುವಾಗ ತಿರುಗಿ ಕೇಳಿದರು: "ತಮ್ಮ ಆರಾಮಾ?"

"ಆರಾಮ," ಎಂದಳು ದೀಕ್ಷಾ.

ಸಂಜೆಯ ಬಸ್ಸು ಬಿಣಗಾ ದಾಟಿ ಅರ್ಗಾದ ಹತ್ತಿರ ನೌಕಾನೆಲೆಯ ಗೋಡೆಯ ಪಕ್ಕ ಹೋಗುತ್ತಿತ್ತು. ಆ ಗೋಡೆ ಬಹಳ ಉದ್ದ, ಮುಗಿಯುವುದೇ ಇಲ್ಲ. ಅದನ್ನು ನೋಡುತ್ತಿದ್ದ ಹಾಗೆಯೇ ದೀಕ್ಷಾಗೆ ಹೊಳೆಯಿತು: ಅಚ್ಚಿನ ಬೆನ್ನಿನ ಆ ಕುಳಿ ಬಿಟ್ಟರೆ ಸುಜಯನ ಕೈಯ ಒಂದು ಗುರುತೂ ಈಗ ಮನೆಯಲ್ಲಿಲ್ಲ. ಅಂಗಿಗಳನ್ನು ಹೀರಾ ಯಾರಿಗೋ ಕೊಟ್ಟಿದ್ದಳು. ಅವನಿಗೆ ಬರೆಯಲು ಬರುತ್ತಿರಲಿಲ್ಲ, ಆದ್ದರಿಂದ ಒಂದು ಸಹಿ ಕೂಡ ಇರಲಿಲ್ಲ. ಇದ್ದದ್ದು ಹದಿನಾಲ್ಕು ಕಾರ್ಡು. ಅವನ್ನು ತಾನೇ ಎಣಿಸಿ, ದಾರ ಕಟ್ಟಿ ಕೊಟ್ಟು ಬಂದಿದ್ದಳು.

ಸಂದೀಪರ ಫೋನ್ ನಂಬರು ಅವಳಲ್ಲಿರಲಿಲ್ಲ. ಕಂಪನಿಯ ಬಸ್ಸು ಕಾರವಾರದ ಹಬ್ಬುವಾಡದಿಂದ ಏಳಕ್ಕೆ ಹೊರಡುತ್ತದೆ ಎಂದು ಮಾತಿನ ನಡುವೆ ಅವರು ಅಂದದ್ದು ನೆನಪಿತ್ತು.

ಮರುದಿನ ನಾಗಿಯ ಮನೆಗೇ ಹೋಗಿ ಕೀಲಿ ಕೊಟ್ಟು, ಅಂಕೋಲೆಯಿಂದ ಮೊದಲ ಬಸ್ಸು ಹಿಡಿದಳು. ಮಿಗಿಸಿಟ್ಟ ಖಾಲಿ ಕಾಗದ ಮಡಚಿ, ಬದಲಿ ಕೊಡಲೆಂದು ಬೆಳಗಿನ ಜಾವ ಎದ್ದು, ಹೊತ್ತು ಸಾಲುವಷ್ಟು ಮಾಡಿದ ಐದು ಹೊಸ ಕಾರ್ಡು ಚೀಲದಲ್ಲಿದ್ದವು. ಹಬ್ಬುವಾಡದಲ್ಲಿ ಇಳಿದಾಗ ಏಳಕ್ಕೆ ಹತ್ತು ನಿಮಿಷ. ಕಂಪನಿಯ ಬಸ್ಸಿಗೆ ಕಾಯುತ್ತ ಏಳೆಂಟು ಜನ ನಿಂತಿದ್ದರು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ಸಂದೀಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಆಗಲೇ ಹಂಚತೊಡಗಿದ್ದರು.

ಹತ್ತಿರದಲ್ಲಿದ್ದ ಒಬ್ಬ ಹೆಂಗಸು ಲಕೋಟೆ ತೆರೆದು ಕಾರ್ಡು ಹೊರಗೆ ತೆಗೆದಿದ್ದಳು. ಅದರ ಮೇಲೆ ಎರಡು ಕೊಡೆ, ಒಂದು ಕಪ್ಪು, ಒಂದು ತೆಳು. ಕೊರಳ ಚೀಟಿಯಲ್ಲಿ ಜಯಂತಿ ಎಂದಿತ್ತು.

"ಬಾಯೀ," ಎಂದಳು ದೀಕ್ಷಾ. "ಇದು ನಾನು ಮಾಡಿದ್ದು. ಇದ್ರಲ್ಲಿ ಅಚ್ಚು ಓರೆ ಬಿದ್ದದೆ. ಬೇರೆ ಕೊಡ್ತೆ, ಚಂದದ್ದು."

ಜಯಂತಿ ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿದಳು. ಹೊಸದನ್ನು ಹಿಂದಕ್ಕೆ ಕೊಟ್ಟಳು. "ಬ್ಯಾಡ, ನಂಗೆ ಇದೇ ಇರ್ಲಿ. ಇಬ್ರು ಕೊಡೆ ಹಿಡ್ಕಂಡು ಒತ್ತೊತ್ತಿ ನಿಂತಂಗೆ ಅದೆ, ನೋಡಿ."

ದೀಕ್ಷಾ ಕೈ ಹಿಂದೆ ತೆಗೆದಳು. ಒತ್ತಾಯ ಮಾಡುವಷ್ಟು ಬಲ ಅವಳಲ್ಲಿರಲಿಲ್ಲ.

ಸಂದೀಪ ಅವಳನ್ನು ನೋಡಿ ಹತ್ತಿರ ಬಂದರು. "ಎಂತಾಯ್ತು ಬಾಯೀ? ಇಷ್ಟು ಬೆಳಿಗ್ಗೆ?"

"ಆ ಕಾರ್ಡಲ್ಲಿ ಹದಿನಾಲ್ಕು ನನ್ನ ತಮ್ಮಂದು. ಗೊತ್ತಾಗದೆ ಕೊಟ್ಬಿಟ್ಟೆ."

"ಅಂವ ಬೇಜಾರ ಮಾಡ್ಕಂಡ್ನಾ?"

"ಅಂವ ಇಲ್ಲ." ಅವಳು ಒಂದು ಉಸಿರು ಎಳೆದುಕೊಂಡಳು. "ಸುಜಯ ಸತ್ತೋದ. ಆಷಾಢದಲ್ಲಿ."

ಎಲ್ಲರೂ ಅವಳಿಗೆ ಹೇಳಿದ್ದರು, ಹೋದ, ತೀರಿದ, ಪಾರಾದ ಎಂದು. ತನ್ನ ಬಾಯಿಂದ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದು ಕೇಳಿಸಿತು, ಪಕ್ಕದಲ್ಲಿ ನಿಂತ ಯಾರೋ ಹೇಳಿದ ಹಾಗೆ.

ಸಂದೀಪ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟರು. "ನಿನ್ನೆ ಆರಾಮ ಅಂದ್ರಲ್ಲ!"

"ಬಾಯಿಗೆ ಬಂತು."

ಅಷ್ಟರಲ್ಲಿ ಬಸ್ಸು ಬಂತು. ಜನ ಹತ್ತಿದರು. ಚಾಲಕ ಹಾರ್ನ್ ಹೊಡೆದ. ಸಂದೀಪ ಮೆಟ್ಟಿಲ ಮೇಲೆಯೇ ಕೂತು, "ಒಂದು ನಿಮಿಷ ತಡಿಯಾ, ಇವತ್ತೊಂದಿನ ತಡಿ," ಎಂದು ಒಳಗೆ ಕೂಗಿ, ಲಕೋಟೆಗಳನ್ನು ಒಂದೊಂದಾಗಿ ತೆರೆಯತೊಡಗಿದರು. ಪ್ರತಿಯೊಂದರ ಮೇಲೂ ಅವರ ಗುಂಡು ಅಕ್ಷರದಲ್ಲಿ ಹೆಸರು. ನೇರ ಮೀನು, ನೇರ ದೋಣಿ, ನೇರ ಹೂವು. ನಾಲ್ಕನೆಯದರಲ್ಲಿ ಎರಡು ಕಾಗೆ ಸಿಕ್ಕವು. ಇನ್ನಷ್ಟು ತೆರೆದಾಗ ಎರಡು ಮೀನು.

"ಉಳಿದದ್ದೂ ತೆಗೀತೆ. ಸಂಜಿಗೆ ಎಲ್ಲರ ಹತ್ರ ಇಸ್ಕಂಡು ನಿಮ್ಮ ಪ್ರೆಸ್ಸಿಗೆ ತರ್ತೆ. ನಾ ಹೇಳಿದ್ರೆ ಕೊಡ್ತರು."

ದೀಕ್ಷಾ ಬಸ್ಸಿನ ಕಿಟಕಿಯತ್ತ ನೋಡಿದಳು. ಜಯಂತಿ ಪಕ್ಕದವರಿಗೆ ತನ್ನ ಕಾರ್ಡು ತೋರಿಸುತ್ತಿದ್ದಳು.

"ಬೇಡ," ಎಂದಳು ದೀಕ್ಷಾ. "ಎರಡು ಸಾಕು. ಹೆಸರು ಬರ್ದದ್ದು ಬರ್ದಾಯ್ತು. ಇವೆರಡಕ್ಕೆ ಬದಲಿ ತಂದಿದ್ದೆ, ತಕಳಿ."

ಸಂದೀಪ ಕಾಗೆಯದನ್ನೂ ಮೀನಿನದನ್ನೂ ಅವಳ ಕೈಗಿಟ್ಟು, ಬದಲಿಗಳನ್ನು ಆ ಲಕೋಟೆಗಳಿಗೆ ಹಾಕಿಕೊಂಡರು. ಬಾಗಿಲು ಮುಚ್ಚಿತು. ಬಸ್ಸು ಕೈಗಾ ರಸ್ತೆಗೆ ತಿರುಗಿ ಮರಗಳ ನಡುವೆ ಮರೆಯಾಯಿತು. ದೀಕ್ಷಾ ಪ್ರೆಸ್ಸಿಗೆ ನಡೆದಳು, ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ಮೆಟ್ಟಿಲ ಮೇಲೆ ಕೂತು ಕಾದಳು. ಆಮೇಲೆ ಸಂಜೆಯವರೆಗೆ ರಸೀದಿ ಪುಸ್ತಕ ಕತ್ತರಿಸಿದಳು.

ಮನೆಗೆ ಬಂದಾಗ ನಾಗಿ ಜಗುಲಿಯಲ್ಲಿದ್ದಳು. ದೀಕ್ಷಾ ನಡೆದದ್ದನ್ನು ಹೇಳಿದಳು, ಎರಡೂ ಕಾರ್ಡು ಅವಳ ಮುಂದಿಟ್ಟಳು. ನಾಗಿ ಕಾಗೆಯದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಶಾಯಿಯನ್ನು ಮುಟ್ಟಿ ಮುಟ್ಟಿ ನೋಡಿ, ದೊಡ್ಡ ದನಿಯಲ್ಲಿ ಅತ್ತಳು. ದೀಕ್ಷಾ ಪಕ್ಕದಲ್ಲಿ ಕೂತಿದ್ದಳು. ಆ ಅಳು ಮುಗಿಯುವವರೆಗೂ ಕೂತಿದ್ದಳು, ಏಳಬೇಕೆನಿಸಲಿಲ್ಲ.

"ಇದು ನಂಗೆ ಕೊಡ್ತ್ಯೇನೆ ತಂಗೀ?"

"ತಕ."

ನಾಗಿ ಅದನ್ನು ಮಡಚಿ ಎಲೆಅಡಿಕೆಯ ಸಂಚಿಗೆ ತುರುಕಿದಳು. ಸುಣ್ಣ ತಾಗಿ ಹಾಳಾಗುತ್ತದೆ ಎಂದು ದೀಕ್ಷಾ ಹೇಳಹೊರಟವಳು ಸುಮ್ಮನಾದಳು. ಅದು ಈಗ ನಾಗಿಯದು.

ಒಳಗೆ ಮಧ್ಯಾಹ್ನದ ಅನ್ನ, ಬಂಗಡೆಯ ಸಾರು ಇತ್ತು, ನಾಗಿ ಮಾಡಿಟ್ಟದ್ದು. ದೀಕ್ಷಾ ಇಬ್ಬರಿಗೂ ಬಡಿಸಿದಳು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಖಾರಕ್ಕೆ. ಅವಳು ಒರೆಸಿಕೊಂಡು ಇನ್ನೊಂದು ಸೌಟು ಹಾಕಿಕೊಂಡಳು.